ಕೊಟ್ಟ ಕಥೆಯನ್ನು ವಾಪಸ್ ಕೇಳಿದವರು

ಅರಸೀಕೆರೆ ಸಾರ್ ಹೋದ ಸುದ್ದಿ ಬಂದ ಬೆಳಿಗ್ಗೆ ನಮ್ಮ ಗೈಡುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೊಬ್ಬರು ಒಂದೇ ವಿಡಿಯೋ ಹಾಕತೊಡಗಿದರು. ಹಳೇಬೀಡಿನ ಗುಡಿಯ ಹೊರಗೋಡೆಯ ಮುಂದೆ ನಿಂತು, ಕೈ ಮೇಲೆತ್ತಿ, ಮುಖವಿಲ್ಲದ ಹೆಂಗಸಿನ ಕಥೆ ಹೇಳುತ್ತಿರುವ ಸಾರ್. ಕೆಳಗೆ ಕೈಮುಗಿದ ಚಿತ್ರಗಳು, 'ಈ ಕಥೆ ಇರೋವರೆಗೂ ನೀವು ಇರ್ತೀರಾ ಸಾರ್' ಎಂಬ ಮಾತುಗಳು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಯ್ಯೋ ಪುಣ್ಯಾತ್ಮರಾ, ಆ ಮನುಷ್ಯ ತನ್ನ ಕೊನೆಯ ದಿನಗಳನ್ನೆಲ್ಲ ಸವೆಸಿದ್ದೇ ಆ ಕಥೆಯನ್ನು ಸಾಯಿಸುವುದಕ್ಕೆ. ಅದು ನಿಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಹಾಕಿದಿರಲ್ಲ!

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಇದನ್ನೂ ಆ ವಿಡಿಯೋದ ಕೆಳಗೆ ತಂದು ಅಂಟಿಸುತ್ತಾರೆ. ನಮಗೆಲ್ಲ ಅವರು ಅರಸೀಕೆರೆ ಸಾರ್. ಅವರು ನಮ್ಮನ್ನೂ ಊರು ಹಿಡಿದೇ ಕರೆಯುತ್ತಿದ್ದರು. ನನ್ನ ಅಮ್ಮ ಬಿಕ್ಕೋಡಿನ ಎಸ್ಟೇಟಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದವಳು. ಹಾಗಾಗಿ ನಾನು 'ಏನಮ್ಮಾ ಬಿಕ್ಕೋಡು'.

ಸಾರ್ ಎಂದರೆ ಮೊದಲು ನೆನಪಾಗುವುದು ದನಿ. ಅವರ ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ರೈಲಿನ ಸದ್ದಿಗೆ ಪೈಪೋಟಿಯಾಗಿ ಹಮಾಲರನ್ನು ಕೂಗಿ ಕೂಗಿ ಪಳಗಿದ ಗಂಟಲು. ಮಂಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಇವರು ಗೈಡಾದರು. ದಿನಾ ಮೊದಲ ಬಸ್ಸು ಹಿಡಿದು ಜಾವಗಲ್ ಮೇಲೆ ಹಳೇಬೀಡಿಗೆ ಬರುವುದು, ಕೊನೆಯ ಬಸ್ಸಿಗೆ ವಾಪಸ್ಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಎಲೆಅಡಿಕೆ, ಹೊಗೆಸೊಪ್ಪು. ಅವರು ಗುಡಿಯ ಒಂದು ಮೂಲೆಯಲ್ಲಿ ಮಾತು ಶುರುಮಾಡಿದರೆ ಇನ್ನೊಂದು ಮೂಲೆಯ ಗೈಡಿನ ಜನ ಮೆಲ್ಲಗೆ ಜಾರಿ ಇವರ ಹಿಂದೆ ಬಂದು ನಿಲ್ಲುತ್ತಿದ್ದರು.

"ಸಾರ್, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಿ, ನಮ್ ಪಾರ್ಟಿನೆಲ್ಲ ಎಳ್ಕೊಂಬಿಡ್ತೀರಾ" ಎಂದು ಜಾವಗಲ್ಲಿನ ಗೈಡು ಗೊಣಗುತ್ತಿದ್ದ. ಅವನೂ ಇವರ ಶಿಷ್ಯನೇ.

"ನಾನೇನ್ ರೇಡಿಯೋನೇನ್ಲಾ, ಕಿವಿ ತಿರುವ್ದೇಟ್ಗೆ ತಗ್ಗಕ್ಕೆ? ನೀನೂ ಮಂಡೀಲಿ ನಾಕ್ ವರ್ಷ ಮೂಟೆ ಎಣಿಸ್ಬಾ, ಹೋಗು" ಎನ್ನುತ್ತಿದ್ದರು.

ನಾನು ಈ ಕೆಲಸಕ್ಕೆ ಬಂದಾಗ ಹೆಣ್ಣುಮಗಳು ಬಿಸಿಲಲ್ಲಿ ಜನರ ಹಿಂದೆ ಓಡಾಡುವುದೇ ಎಂದು ಮೂಗು ಮುರಿದವರೇ ಹೆಚ್ಚು. ಸಾರ್ ಒಬ್ಬರು ಮಾತ್ರ, "ಈ ಗೋಡೆ ತುಂಬ ಅಷ್ಟೊಂದ್ ಹೆಣ್ಮಕ್ಳವ್ರೆ. ಒಬ್ಬಳಾರ ಬಾಯ್ಬಿಟ್ ಮಾತಾಡ್ಲಿ ಬಿಡ್ರೋ" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೊದಲ ಪಾಠ ಹೇಳಿದರು. "ನೋಡಮ್ಮಾ, ಗೈಡಾದೋರ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಬರಬಾರ್ದು. ಬಂತೋ, ಪಾರ್ಟಿ ಕೈಬಿಡ್ತು ಅಂತ್ಲೇ ಲೆಕ್ಕ."

ನಮ್ಮಲ್ಲಿ ಒಂದು ಪದ್ಧತಿಯಿದೆ. ಒಬ್ಬ ಗೈಡು ತಾನೇ ಕಂಡುಕೊಂಡ ಕಥೆ ಅವನ ಸ್ವತ್ತು. ಅವನ ಕಿವಿಗೆ ಬೀಳುವಂತೆ ಇನ್ನೊಬ್ಬರು ಅದನ್ನು ಹೇಳುವಂತಿಲ್ಲ. ಬೇಕಾದರೆ ಅವನನ್ನು ಕೇಳಿ ಪಡೆಯಬೇಕು. ಹೆಚ್ಚಿನವರು ಕೊಡುವುದಿಲ್ಲ. ಸಾರ್ ಮಾತ್ರ ಕೇಳದಿದ್ದರೂ ಕೊಡುತ್ತಿದ್ದರು. ಹೊಸಬರಿಗೆ ಬ್ಯಾಡ್ಜು ಸಿಕ್ಕ ದಿನ ಆ ಗೋಡೆಯ ಮುಂದೆ ನಿಲ್ಲಿಸಿ, ಕಥೆಯನ್ನು ಒಂದು ಸಲ ಪೂರ್ತಿ ಹೇಳಿ, ಕೈಗೆ ಎರಡು ವೀಳ್ಯದೆಲೆ ಇಟ್ಟು, "ತಗೋ, ಇನ್ಮ್ಯಾಕೆ ನಿಂದು" ಎನ್ನುತ್ತಿದ್ದರು. ನನಗೂ ಹಾಗೆಯೇ ಕೊಟ್ಟರು. ನಾನು ಅವತ್ತು ಅತ್ತೆ.

ಕಥೆ ಇಷ್ಟು. ಗೋಡೆಯ ಸಾಲಿನಲ್ಲಿ ಒಬ್ಬ ಹೆಂಗಸಿನ ವಿಗ್ರಹ. ಮೈ, ಕೈ, ಸೀರೆಯ ನೆರಿಗೆ ಎಲ್ಲ ಇದೆ, ಮುಖವಿಲ್ಲ. ಅದನ್ನು ಕಡೆದ ಶಿಲ್ಪಿ ತನ್ನ ಹೆಂಡತಿಯನ್ನೇ ಎದುರು ನಿಲ್ಲಿಸಿಕೊಂಡು ಕಡೆಯುತ್ತಿದ್ದ. ಮುಖವೊಂದು ಬಾಕಿ ಇದ್ದಾಗ ಅವಳು ಪಕ್ಕದ ಹುಲಿಕೆರೆಯ ಕೊಳಕ್ಕೆ ನೀರು ತರಲು ಹೋದವಳು ವಾಪಸ್ ಬರಲಿಲ್ಲ. ಕೊಳದ ಸುತ್ತ ಅವಳನ್ನು ಕೂಗಿಕೊಂಡು ಹುಚ್ಚನ ಹಾಗೆ ಓಡಾಡಿದ. ಸಿಗಲಿಲ್ಲ. ಕೊನೆಗೆ ಬಂದು ಉಳಿ ಹಿಡಿದು ಕೂತರೆ, ಅಷ್ಟು ದಿನ ಎದುರಿಗಿದ್ದ ಆ ಮುಖ ಅವನಿಗೆ ನೆನಪಿಗೇ ಬರಲಿಲ್ಲ. ಹಾಗೇ ಬಿಟ್ಟು ಎದ್ದುಹೋದ. 'ನೆನಪಿಗೇ ಬರಲಿಲ್ಲ' ಎನ್ನುವಲ್ಲಿ ಸಾರ್ ದನಿ ತಗ್ಗಿಸುತ್ತಿದ್ದರು. ಗಂಡಸರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಇದು ಶುದ್ಧ ಸುಳ್ಳು. ಅವರೇ ಒಂದು ದಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ನನಗೆ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಯಾತ್ರೆಗೆ ಬಂದ ಹೆಂಗಸು, ಇವಳ ಮುಖ ಏನಾಯ್ತು ಎಂದು ಕೇಳಿದಳಂತೆ. ಇವರಿಗೆ ಗೊತ್ತಿರಲಿಲ್ಲ. "ಬಾಯಿಗೆ ಬಂದಿದ್ದು ಹೇಳ್ಬುಟ್ಟೆ. ಆ ಯಮ್ಮ ಅಳ್ತಾ ಆ ಕಲ್ಲಿಗೆ ಕೈಮುಗುದ್ಲು ಕಣಮ್ಮ. ಆಮ್ಯಾಕೆ ನಿಲ್ಸಕ್ಕಾಗ್ಲಿಲ್ಲ" ಎಂದು ನಕ್ಕಿದ್ದರು. ಒಮ್ಮೆ ನಾನು ಹುಲಿಕೆರೆಯ ಕೊಳ ನೋಡಲು ಹೋದಾಗ ಅಲ್ಲೊಬ್ಬಳು ಅಜ್ಜಿ ಒಂದು ಮೆಟ್ಟಿಲು ತೋರಿಸಿ, "ಇಲ್ಲೇ ಕಣವ್ವ ಆ ಶಿಲ್ಪಿ ಹೆಂಡ್ರು ಕಾಲು ಜಾರಿದ್ದು. ನಮ್ಮತ್ತೆ ಹೇಳೋರು" ಎಂದಳು. ಬಂದು ಸಾರ್‌ಗೆ ಹೇಳಿದರೆ ಎಲೆಅಡಿಕೆ ನೆತ್ತಿಗೇರುವಷ್ಟು ನಕ್ಕರು. ಆಗ ಅದು ನಗುವ ವಿಷಯವೇ ಆಗಿತ್ತು.

ಆಮೇಲೆ ಸಾರ್ ಗಂಟಲಿಗೆ ಕ್ಯಾನ್ಸರ್ ಬಂತು. ಹಾಸನದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಇನ್ನು ಸಾರ್ ಮನೆ ಹಿಡಿದರು ಎಂದುಕೊಂಡೆವು. ಗಾಯ ಮಾಗಿದ್ದೇ ತಡ, ಮತ್ತೆ ಅದೇ ಬಿಳಿ ಅಂಗಿ ಹಾಕಿಕೊಂಡು ಮೊದಲ ಬಸ್ಸಿಗೆ ಬಂದಿಳಿದರು. ಕೈಯಲ್ಲಿ ಫೋನು. ಬರೆದದ್ದನ್ನು ಓದಿ ಹೇಳುವ ಫೋನು, ಅದರೊಳಗೆ ಒಬ್ಬ ಹೆಂಗಸಿನ ದನಿ. ಸಾರ್ 'ಏನ್ಲಾ ಟೀ ಕುಡ್ಯಾನ ಬಾರ್ಲಾ' ಎಂದು ಬರೆದರೆ ಆಯಮ್ಮ ಅದನ್ನು ಒಂದೊಂದೇ ಅಕ್ಷರ ಬಿಡಿಸಿ, ವಾರ್ತೆ ಓದಿದ ಹಾಗೆ ಓದುತ್ತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಸಾರ್ ಕೂಡ ನಕ್ಕರು. ಭುಜ ಮಾತ್ರ ಅಲುಗಿತು, ಸದ್ದು ಬರಲಿಲ್ಲ.

ಮಾತು ಹೋದ ಮೇಲೆ ಅವರಿಗೆ ಗುಡಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಸುಮ್ಮನೆ ಆ ಗೋಡೆಯ ಎದುರಿನ ಹುಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಒಂದು ಮಧ್ಯಾಹ್ನ ನಾನು ಬೇಲೂರಿನಿಂದ ಪಾರ್ಟಿ ಕರೆದುಕೊಂಡು ಬಂದವಳು, ಅವರನ್ನು ಊಟಕ್ಕೆ ಬಿಟ್ಟು ಸಾರ್ ಹತ್ತಿರ ಹೋದೆ. ಅವರು ಎದ್ದು ನನ್ನ ಕೈಹಿಡಿದು ವಿಗ್ರಹದ ಮುಂದೆ ನಿಲ್ಲಿಸಿದರು. ಮುಖದ ಪಕ್ಕಕ್ಕೆ ಬೆರಳು ತೋರಿಸಿದರು. ಅಲ್ಲಿ ಕಿವಿ ಇತ್ತು. ಕಿವಿಯಲ್ಲಿ ಓಲೆ ಇತ್ತು, ಅದರ ಮುತ್ತಿನ ಸಾಲು ಸಹಿತ. ಕೆನ್ನೆಯ ಅಂಚಿನಲ್ಲಿ ಒಂದು ಮುಂಗುರುಳೂ ಉಳಿದಿತ್ತು. ನಡುವೆ ಕಲ್ಲು ಚಕ್ಕೆ ಎದ್ದಿತ್ತು. ಮುಖ ಕಡೆಯದೆ ಬಿಟ್ಟದ್ದಲ್ಲ. ಕಡೆದು ಮುಗಿಸಿದ ಎಷ್ಟೋ ಕಾಲದ ಮೇಲೆ ಯಾರೋ ಒಡೆದದ್ದು, ಇಲ್ಲವೇ ತಾನಾಗಿ ಒಡೆದದ್ದು.

ನಾವಿಬ್ಬರೂ ದಿನಾ ನೋಡುವ ಕಲ್ಲು ಅದು. ಸಾರ್ ಮುಖ ನೋಡಿದೆ. ಮನೆಯ ಬಾಗಿಲು ಹಾಕದೆ ಬಂದೆನೆಂದು ಅರ್ಧ ದಾರಿಯಲ್ಲಿ ಬಸ್ಸಿನೊಳಗೆ ನೆನಪಾದವರ ಮುಖ ಹೇಗಿರುತ್ತದೆ, ಹಾಗಿತ್ತು. ಫೋನಿನಲ್ಲಿ ಬರೆದು ತೋರಿಸಿದರು. 'ಸುಳ್ಳು ಹೇಳೋವಾಗ ಶಿವ ಊರಿಗಾಗೋವಷ್ಟು ದನಿ ಕೊಟ್ಟಿದ್ದ. ಈಗ ನಿಜ ಕಂಡ್ತು ಅನ್ನೋವಾಗ ಕಿತ್ಕಂಡ.'

"ಹಂಗೆಲ್ಲ ಬರೀಬೇಡಿ ಸಾರ್. ಕಾಯಿಲೆ ಬಂದಿದ್ದು ಹೊಗೆಸೊಪ್ಪಿಂದ, ಕಥೆಯಿಂದಲ್ಲ" ಎಂದು ಬೈದೆ. ಅವರು ನಂಬಲಿಲ್ಲ.

ಆಗಲೇ ಒಂದು ಕೋರ್ಸಿನ ವಿಷಯ ಬಂತು. ಫೋನಿನಲ್ಲಿ ಏನೋ ಹುಡುಕುತ್ತಿದ್ದವರಿಗೆ ಕಂಡಿತಂತೆ. ಕಲಾ ಇತಿಹಾಸದ ಉನ್ನತ ಕೋರ್ಸು, ಒಂದು ವರ್ಷ, ಎಲ್ಲ ಆನ್‌ಲೈನ್. ಡಿಗ್ರಿ ಇಲ್ಲದಿದ್ದರೂ ಕ್ಷೇತ್ರದಲ್ಲಿ ದುಡಿದ ಅನುಭವವಿದ್ದರೆ ಸಾಕು. ಮೊದಲ ಪಾಠ ನೋಡಿ ಆಮೇಲೆ ಸೇರಬಹುದು. ಪಾಠ ಮಾಡುವ ಮೇಡಂ ದೂರದ ಊರಿನವರಾದರೂ ಕನ್ನಡದವರೇ. ಸಾರ್ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಗೆಲುವು ಕಂಡೆ. 'ಬಾಯಿ ಬ್ಯಾಡ, ಕಣ್ಣು ಕಿವಿ ಸಾಕಲ್ಲಮ್ಮ ಇದಕ್ಕೆ' ಎಂದು ಬರೆದರು. ಇನ್ನಾದರೂ ಕಲ್ಲನ್ನು ಕಲ್ಲಾಗಿ ನೋಡುವುದನ್ನು ಕಲಿಯಬೇಕು ಎಂಬುದು ಅವರ ಆಸೆ.

ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಇಬ್ಬರೂ ಆ ಮೊದಲ ಪಾಠ ನೋಡಿದೆವು. ಮೇಡಂ ಚೆನ್ನಾಗಿಯೇ ಹೇಳುತ್ತಿದ್ದರು. ಪಾಠ ಮುಗಿಯುತ್ತ ಬಂದಾಗ ಪರದೆಯ ಮೇಲೆ ನಮ್ಮ ಮುಖವಿಲ್ಲದ ಹೆಂಗಸು ಬಂದಳು. 'ಶಿಲ್ಪವನ್ನು ಬರಿಯ ಕಲ್ಲಾಗಿ ನೋಡಬಾರದು, ಅದರ ಸುತ್ತ ಬೆಳೆದ ಸ್ಥಳೀಯ ಮೌಖಿಕ ಪರಂಪರೆಯನ್ನೂ ಕೇಳಿಸಿಕೊಳ್ಳಬೇಕು' ಎಂದ ಮೇಡಂ, ಶಿಲ್ಪಿಯ ಹೆಂಡತಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಹುಲಿಕೆರೆಯ ಹಿರಿಯರೂ ಇದನ್ನು ಖಚಿತಪಡಿಸುತ್ತಾರೆ ಎಂದೂ ಸೇರಿಸಿದರು.

ನನಗೆ ತಡೆಯಲಾಗದೆ ನಗು ಬಂತು. ಪಕ್ಕಕ್ಕೆ ತಿರುಗಿದೆ. ಸಾರ್ ಟೀ ಲೋಟ ಕೆಳಗಿಟ್ಟು ಬರೆದರು. 'ಕಲಿಯಾಕೆ ಹೋದ್ರೆ ನನ್ ಸುಳ್ಳನ್ನೇ ನಂಗೆ ಪಾಠ ಮಾಡ್ತಾವ್ರಲ್ಲಮ್ಮ. ಇನ್ನೆಲ್ಲಿಗೆ ಹೋಗ್ಲಿ?' ನನ್ನ ನಗು ಅಲ್ಲೇ ನಿಂತಿತು.

ಮಾರನೆಯ ದಿನದಿಂದ ಅವರಿಗೆ ಒಂದೇ ಹಟ. ಗೈಡುಗಳನ್ನೆಲ್ಲ ಗುಡಿಯ ಗೇಟಿನ ಹತ್ತಿರ ಸೇರಿಸಿ, ಕೊಟ್ಟ ಕಥೆ ವಾಪಸ್ ಕೊಡಿ ಎಂದು ಕೇಳಿದರು. ಫೋನಿನ ಹೆಂಗಸು ಅದನ್ನು ಓದಿದಾಗ ಯಾರಿಗೂ ಅರ್ಥವೇ ಆಗಲಿಲ್ಲ. ಇನ್ನು ಮೇಲೆ ಅದನ್ನು ಹೇಳಬೇಡಿ ಎನ್ನುತ್ತಿದ್ದಾರೆ ಎಂದು ನಾನು ಬಿಡಿಸಿ ಹೇಳಬೇಕಾಯಿತು.

"ಎಲೆ ಇಟ್ಟು ಕೊಟ್ಟಿದ್ನ ವಾಪಸ್ ಕೇಳ್ತಾರಾ ಸಾರ್? ಎಲ್ಲಾರ ಉಂಟಾ?" ಎಂದ ಜಾವಗಲ್ಲಿನವನು. "ಜನ ಅದನ್ನೇ ಕೇಳ್ಕಂಡ್ ಬತ್ತಾರೆ. ವಿಡಿಯೋದಲ್ಲಿ ನೋಡಿರ್ತಾರೆ. ಹೇಳ್ದಿದ್ರೆ ನಮ್ಮನ್ನೇ ಡುಪ್ಲಿಕೇಟ್ ಗೈಡು ಅಂತಾರೆ."

ಸಾರ್ ಕೈಮುಗಿದರು. ಗುರುವಿನ ಸ್ಥಾನದಲ್ಲಿದ್ದವರು ಶಿಷ್ಯರ ಮುಂದೆ ಕೈಮುಗಿದು ನಿಂತದ್ದನ್ನು ನೋಡಿ ಎಲ್ಲರೂ ತಲೆ ತಗ್ಗಿಸಿದರು. ಆಯ್ತು ಸಾರ್ ಎಂದರು. ಸಂಜೆಯೊಳಗೆ ಗೋಡೆಯ ಮುಂದೆ ಮತ್ತೆ ಅದೇ ಕಥೆ ಕೇಳಿಬರುತ್ತಿತ್ತು. ನಾನೊಬ್ಬಳು ಬಿಟ್ಟೆ. ನಾನೊಬ್ಬಳು ಬಿಟ್ಟರೆ ಏನಾಗುತ್ತದೆ?

ಮೇಡಂಗೂ ಬರೆದರು. ಓಲೆಯ ಫೋಟೋ ತೆಗೆದು ಕಳಿಸಿದರು. ಕೋರ್ಸಿಗೆ ಸೇರಿದವರ ಪ್ರಶ್ನೆಗಳಿಗೆ ಮಾತ್ರ ಉತ್ತರ ಎಂದು ಯಾರೋ ಸಹಾಯಕರು ತಿಳಿಸಿದರು. ಸೇರೋಣವೆಂದು ಹೊರಡುವ ಹೊತ್ತಿಗೆ ಹಾಸನದಲ್ಲಿ ಮತ್ತೆ ಸ್ಕ್ಯಾನು. ಕಾಯಿಲೆ ಮರಳಿತ್ತು, ಶ್ವಾಸಕೋಶಕ್ಕೂ ಇಳಿದಿತ್ತು. ಡಾಕ್ಟರು ವರ್ಷದ ಮಾತೇ ಆಡಲಿಲ್ಲ.

ಸೇರಲು ಕೊನೆಯ ದಿನ ನನ್ನನ್ನು ಅರಸೀಕೆರೆಗೆ ಕರೆಸಿಕೊಂಡರು. ಸ್ಟೇಷನ್ ರಸ್ತೆಯ ಹಿಂದೆ ಅವರ ಮನೆ. ಸಾರ್ ಗೋಡೆಗೆ ಒರಗಿ ಕೂತಿದ್ದರು, ಅರ್ಧ ಆಗಿಹೋಗಿದ್ದರು. ಅವರ ಹೆಂಡತಿಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಕಾಫಿ ತಂದಿಟ್ಟು ಬಾಗಿಲಲ್ಲೇ ನಿಂತರು.

"ನೀನಾರ ಬುದ್ಧಿ ಹೇಳವ್ವ. ಯಾವ್ದೋ ಕಲ್ಲಿನ ಕಥೆಯಂತೆ, ಅದ್ಕೆ ಒಂದ್ ವರ್ಷ ಓದ್ಬೇಕಂತೆ. ಇರೋ ನಾಕ್ ದಿನ ಮನೇಲಿ ನೆಟ್ಟಗೆ ಕೂತ್ಕಳಕ್ಕೇನು ಇವ್ರಿಗೆ?" ಎಂದರು. ಹೇಳುತ್ತ ಹೇಳುತ್ತ ಅತ್ತರು.

ಸಾರ್ ಬರೆದು ಫೋನನ್ನು ನನ್ನ ಕಡೆ ತಿರುಗಿಸಿದರು. 'ಮುಗ್ಸಕ್ಕಾಗಲ್ಲ ಗೊತ್ತು. ಸೇರಲಾ ಬ್ಯಾಡ್ವಾ? ನೀನೇ ಹೇಳು.'

ಏನೆಂದು ಹೇಳುವುದು? ಸಾಯುತ್ತಿರುವವರಿಗೆ ಒಂದು ವರ್ಷದ ಓದಿಗೆ ಸೇರಿ ಎನ್ನುವುದು ಯಾವ ನ್ಯಾಯ? ಬೇಡ ಎಂದರೆ ಉಳಿಯುವುದಾದರೂ ಏನು, ಗೋಡೆ ನೋಡುತ್ತ ಕೂರುವುದೇ? ಅವರು ಫೋನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೆ ಬರೆದರು. 'ನಾ ಹೋಯ್ತೀನಿ, ಸುಳ್ಳು ಉಳ್ಕತ್ತದೆ. ಇನ್ನೊಬ್ರು ಇನ್ನೊಬ್ರಿಗೆ ಪಾಠ ಮಾಡ್ತಾರೆ. ಒಂದೇ ಒಂದ್ ಕ್ಲಾಸಲ್ಲಿ ಎದ್ದು ಹೇಳ್ಬೇಕು ಕಣಮ್ಮ. ಪಾಸಾಗದು ಯಾರಿಗ್ ಬೇಕು?'

"ಸೇರಿ ಸಾರ್" ಎಂದೆ. ಸೇರುವ ಗುಂಡಿಯನ್ನು ಅವರು ಎರಡು ಮೂರು ಸಲ ಒತ್ತಬೇಕಾಯಿತು. ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮೊದಲ ನೇರ ತರಗತಿಗೆ ನಾನೂ ಹೋಗಿ ಪಕ್ಕದಲ್ಲಿ ಕೂತೆ. ನನ್ನ ಫೋನಿನಲ್ಲಿ ಕ್ಲಾಸು, ಅವರ ಫೋನಿನಲ್ಲಿ ಮಾತು. ಹೇಳಬೇಕಾದುದನ್ನೆಲ್ಲ ಹಿಂದಿನ ದಿನವೇ ಬರೆದಿಟ್ಟುಕೊಂಡಿದ್ದರು. ಹೊಸ ವಿದ್ಯಾರ್ಥಿಗಳು ಮಾತಾಡಿ ಎಂದು ಮೇಡಂ ಹೇಳಿದಾಗ ಸಾರ್ ಕೈ ಎತ್ತಿದರು. ಅವರ ತುಟಿ ತಾನಾಗಿ ಅಲುಗಿತು, ಹಳೆಯ ಅಭ್ಯಾಸ. ಪರದೆಯ ಮೇಲೆ ಒಬ್ಬರಾದ ಮೇಲೊಬ್ಬರು, "ಸರ್, ನೀವು ಮ್ಯೂಟ್‌ನಲ್ಲಿದ್ದೀರಿ. ಮ್ಯೂಟ್ ತೆಗೀರಿ ಸರ್" ಎನ್ನತೊಡಗಿದರು. ಅವರಿಗೇನು ಗೊತ್ತು ಪಾಪ. ಆದರೂ ನನಗೆ ಆ ಫೋನನ್ನು ಎತ್ತಿ ಬಿಸಾಡುವಷ್ಟು ಸಂಕಟವಾಯಿತು.

ಸಾರ್ ತಮ್ಮ ಫೋನು ಹತ್ತಿರ ಹಿಡಿದು ಒತ್ತಿದರು. ಆ ಹೆಂಗಸಿನ ದನಿ ಸ್ಪಷ್ಟವಾಗಿ ಓದಿತು. ಈ ಕಥೆ ಹಳೆಯದಲ್ಲ, ಕಟ್ಟಿದವನು ನಾನು, ಹಳೇಬೀಡಿನಲ್ಲಿ ಗೈಡಾಗಿದ್ದೆ, ಓಲೆ ನೋಡಿ, ಮುಂಗುರುಳು ನೋಡಿ, ಮುಖ ಇತ್ತು, ದಯವಿಟ್ಟು ಪಾಠದಿಂದ ತೆಗೆಯಿರಿ.

ಮೇಡಂ ಕೆಟ್ಟವರಲ್ಲ. ಅವರ ಕಣ್ಣೂ ತೇವವಾಗಿತ್ತು. "ತುಂಬಾ ಥ್ಯಾಂಕ್ಸ್ ಸರ್. ಓಲೆಯ ವಿಷಯ ಮುಖ್ಯ, ಖಂಡಿತ ನೋಡ್ತೀನಿ" ಎಂದರು. ಆಮೇಲೆ ಉಳಿದವರ ಕಡೆ ತಿರುಗಿ, "ನೋಡಿ, ಕಥೆ ಹೇಳುವವರು ಅದನ್ನು ತಮ್ಮದೇ ಅಂತ ಹೇಳಿಕೊಳ್ಳೋದು ಮೌಖಿಕ ಪರಂಪರೆಯ ಒಂದು ಲಕ್ಷಣ. ಕಥೆ ಎಷ್ಟು ಆಳವಾಗಿ ಇಳಿದಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾರ್ ಏನೋ ಬರೆಯಲು ಹೋದರು. ಅಳಿಸಿದರು. ಮತ್ತೆ ಬರೆದರು, ಮತ್ತೆ ಅಳಿಸಿದರು. ಅಷ್ಟರಲ್ಲಿ ಮೇಡಂ ಮುಂದಿನ ವಿದ್ಯಾರ್ಥಿಯನ್ನು ಕರೆದಿದ್ದರು. ಕ್ಲಾಸು ಮುಗಿದ ಮೇಲೆ ನನಗೆ ಬರೆದು ತೋರಿಸಿದರು. 'ಸುಳ್ಳಿಗೆ ಒಬ್ರೂ ಸಾಕ್ಷಿ ಕೇಳ್ಲಿಲ್ಲ ಕಣಮ್ಮ.' ಆ ಮೇಲೆ ಒಂದೆರಡು ಕ್ಲಾಸು ಕೇಳಿದರು. 'ಆಯಮ್ಮ ಪಾಠ ಚೆನ್ನಾಗ್ ಮಾಡ್ತಾಳೆ' ಎಂದು ಮೆಚ್ಚಿಕೊಂಡೂ ಬರೆದರು. ಆಮೇಲೆ ಫೋನು ಹಿಡಿಯಲು ಕೈಯಲ್ಲಿ ಬಲ ಇರಲಿಲ್ಲ.

ಸಾರ್ ತೀರಿಕೊಂಡ ಮೇಲಿನ ಗಣಾರಾಧನೆಗೆ ನಾವೆಲ್ಲ ಅರಸೀಕೆರೆಗೆ ಹೋದೆವು. ಮಠದಿಂದ ಸ್ವಾಮಿಗಳು ಬಂದು ಪೂಜೆ ಮುಗಿಸಿ ಹೊರಟಿದ್ದರು, ಊಟದ ಪಂಕ್ತಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸಾರ್ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಿ ಎಂದು ಅವರ ತಮ್ಮ ಕೇಳಿದರು. ಜಾವಗಲ್ಲಿನವನು ಎದ್ದು ನಿಂತ. ಬೇಡ ಕಣೋ ಎಂದು ಕಣ್ಣಿನಲ್ಲೇ ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. "ನಮ್ ಗುರುಗಳು ಕೊಟ್ಟಿದ್ದು, ಅವ್ರ ಪಾದಕ್ಕೇ ಒಪ್ಪಿಸ್ತೀನಿ" ಎಂದು ಶುರುಮಾಡಿ ಪೂರ್ತಿ ಹೇಳಿದ. ಚೆನ್ನಾಗಿಯೇ ಹೇಳಿದ, ಹಾಳಾದವನು. ನೆಂಟರೆಲ್ಲ ಕಣ್ಣೊರೆಸಿಕೊಂಡರು.

ಸಾರ್ ಹೆಂಡತಿ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಅವರೊಬ್ಬರು ಅಳಲಿಲ್ಲ. ಕಥೆ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ಇದೇನವ್ವಾ ಅವ್ರು ಅಷ್ಟು ಒದ್ದಾಡಿದ್ದು? ಇವತ್ತೇ ಕೇಳ್ದೆ ನಾನು. ನಿಜವಾ ಇದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಜಾವಗಲ್ಲಿನವನು ತಲೆ ಅಲ್ಲಾಡಿಸಿ, ನಿಜ ಅಂತ ಹೇಳು ಎಂದು ಸನ್ನೆ ಮಾಡಿದ.

"ಸುಳ್ಳು ಕಣಮ್ಮ" ಎಂದೆ. "ಸಾರೇ ಕಟ್ಟಿದ್ದು."

"ಸತ್ತೋರ ಮನೇ ಕಣೇ ಇದು!" ಎಂದು ಅವನು ರೇಗಿದ.

ಆಕೆ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. "ಅವ್ಳು ಸರಿಯಾಗೇ ಹೇಳ್ತಾವ್ಳೆ ಬಿಡಪ್ಪ. ಹೆಂಡ್ರುನ್ನ ಕೂಗ್ಕಂಡು ಓಡಾಡ್ದ ಅಂದ್ಯಲ್ಲ, ಅಲ್ಲೇ ಗೊತ್ತಾಯ್ತು ನಂಗೆ, ಇದು ಇವ್ರು ಕಟ್ಟಿದ್ದೇ ಅಂತ. ದನಿಯೆಲ್ಲ ಆ ಗುಡೀಲೇ ಸುರ್ದು ಬರೋರು ಕಣವ್ವ. ಈ ಮನೇಲಿ ಒಂದಿನ ನನ್ನ ಕೂಗ್ದೋರಲ್ಲ."